ಸೇತುವೆಗೆ ಕಾದವನು

ಹದಿನೆಂಟು ವರ್ಷ ನನ್ನನ್ನು ಸಹಿಸಿಕೊಂಡು ಇಂದು ಅಧ್ಯಕ್ಷ ಪೀಠದಲ್ಲಿ ನಿಟ್ಟುಸಿರು ಬಿಡುತ್ತಿರುವ ಕಪ್ತಾನ ಪ್ಲಾಚಿದೊ ರುಜ್ಜೇರಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಮ್ಮ ಬಂದರು ನಿಲ್ದಾಣದ ಮೇಲ್ವಿಚಾರಕರೇ, ಹಡಗಿನ ಹೊಟ್ಟೆಯೊಳಗೆ ನನ್ನ ಜೊತೆ ಸರಪಳಿ ಎಳೆದು ಬೆನ್ನು ಬಗ್ಗಿಸಿಕೊಂಡ ಗೆಳೆಯರೇ, ಆ ಬಗ್ಗಿದ ಬೆನ್ನುಗಳಿಗೆ ಮನೆಯಲ್ಲಿ ಎಣ್ಣೆ ತಿಕ್ಕಿದ ತಾಯಂದಿರೇ, ಮೆಸ್ಸೀನಾದ ಸಮಸ್ತ ಸಭಿಕರೇ,

ಮೊದಲಿಗೆ ಒಂದು ಸಣ್ಣ ವಿನಂತಿ. ಆ ಹಿಂದಿನ ಬಾಗಿಲು ತೆರೆದೇ ಇರಲಿ. ಜೂನ್ ತಿಂಗಳು, ಸೆಖೆ, ಸ್ವಲ್ಪ ಗಾಳಿ ಬರಲಿ ಎಂದು ಹೇಳಿದೆ, ಬೇರೇನೂ ಇಲ್ಲ. ಟಿಂಡಾರೊ, ಆ ಮುಂದಿನ ಸಾಲಿನ ಖುರ್ಚಿ ಬೇಡಪ್ಪ. ಅದರ ಮೇಲೆ ನನ್ನ ಟೋಪಿ ಇದೆ, ಕಾಣುವುದಿಲ್ಲವೇ? ಟೋಪಿ ಇಟ್ಟ ಖುರ್ಚಿ ಎಂದರೆ ಯಾರೋ ಬರಬೇಕಾದವರಿದ್ದಾರೆ ಎಂದರ್ಥ. ನಲವತ್ತು ವರ್ಷ ಜೊತೆಗೆ ಕೆಲಸ ಮಾಡಿಯೂ ಇಷ್ಟು ಕಲಿಯಲಿಲ್ಲವಲ್ಲ ಮಾರಾಯ.

ಬೀಳ್ಕೊಡುಗೆಯ ದಿನ ಮನುಷ್ಯ ಏನು ಮಾತಾಡಬೇಕು? ತಾನು ಮಾಡಿದ ಕೆಲಸದ ಬಗ್ಗೆ ಮಾತಾಡಬೇಕು. ನನ್ನ ಕೆಲಸವನ್ನು ನಿಮಗೆ ವಿವರಿಸಬೇಕೇ? ರೋಮಿನಿಂದ ರೈಲು ಬರುತ್ತದೆ. ಆಚೆ ದಡದ ವಿಲ್ಲಾ ಎಂಬ ಊರಿನಲ್ಲಿ ನೆಲ ಮುಗಿಯುತ್ತದೆ, ಹಳಿಯೂ ಮುಗಿಯುತ್ತದೆ. ಅಲ್ಲಿ ನಾವು ರೈಲನ್ನು ತುಂಡು ಮಾಡಿ, ಬೋಗಿಗಳನ್ನು ಒಂದೊಂದು ಸಾಲಾಗಿ ಹಡಗಿನೊಳಗೆ ತಳ್ಳಿ, ಸರಪಳಿ ಬಿಗಿದು, ಈ ಮೂರು ಕಿಲೋಮೀಟರ್ ಅಗಲದ ಸಮುದ್ರವನ್ನು ದಾಟಿಸಿ, ಈಚೆ ಮತ್ತೆ ಜೋಡಿಸಿ ಪಲೆರ್ಮೊ ಕಡೆಗೆ ಕಳಿಸುತ್ತೇವೆ. ಒಳಗೆ ಮಲಗಿದ್ದವರಲ್ಲಿ ಎಷ್ಟೋ ಜನಕ್ಕೆ ಎಚ್ಚರವೇ ಆಗುವುದಿಲ್ಲ. ನಲವತ್ತು ವರ್ಷ ನಾನು ಮಾಡಿದ್ದು ಇಷ್ಟೇ. ಕೂಡಿದ್ದನ್ನು ಬಿಡಿಸಿದೆ, ದಾಟಿಸಿದೆ, ಮತ್ತೆ ಕೂಡಿಸಿದೆ. ಬೋಗಿಗಳ ಮಾತು ಹೇಳಿದೆ. ನನ್ನ ವಿಷಯ ಬೇರೆ.

ಈಗ ಗಂಟೆ ಐದೂ ಇಪ್ಪತ್ತು. ಐದೂವರೆಗೆ ಆಚೆಯಿಂದ ಒಂದು ಹಡಗು ಬರುತ್ತದೆ. ಧಕ್ಕೆಯಿಂದ ಈ ಸಭಾಂಗಣಕ್ಕೆ ನಡೆದರೆ ಏಳು ನಿಮಿಷ. ಮೊಣಕಾಲು ನೋವಿರುವ ಹೆಂಗಸಿಗೆ ಹನ್ನೆರಡು. ಯಾವ ಹೆಂಗಸು ಎಂದು ಯಾರೂ ಕೇಳಬೇಡಿ. ಕೇಳಬೇಡಿ ಎಂದೆ, ಎಲ್ಲರೂ ನಗುತ್ತಿದ್ದೀರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಿಮಗೆಲ್ಲ ಗೊತ್ತಿದೆ. ಪ್ರತಿ ಮಂಗಳವಾರ, ಪ್ರತಿ ಭಾನುವಾರ ರಜೆಯ ದಿನವೂ ಅದೇ ಹಡಗು ಹತ್ತಿ ಆಚೆಗೆ ಹೋಗಿ ಕೊನೆಯ ಹಡಗಿಗೆ ವಾಪಸಾಗುವ ಲೆತ್ತೇರಿಯೊ ಕ್ರಿಸಾಫಿ ಎಲ್ಲಿಗೆ ಹೋಗುತ್ತಾನೆಂದು ಈ ಊರಿನ ಸೀಗಲ್ ಹಕ್ಕಿಗಳಿಗೂ ಗೊತ್ತು. ಆದರೂ ಇಂದು ನನ್ನ ಬಾಯಿಂದಲೇ ಹೇಳಿಬಿಡುತ್ತೇನೆ.

ಅರವತ್ತೊಂಬತ್ತನೆಯ ಇಸವಿ. ನಾನು ಕೆಲಸಕ್ಕೆ ಸೇರಿ ಒಂದು ವರ್ಷ. ಆಚೆ ದಡದ ಕನ್ನಿತೆಲ್ಲೊ ಎಂಬ ಮೀನುಗಾರರ ಊರಿನ ಒಂದು ದೋಣಿ ಇಂಜಿನ್ ಕೆಟ್ಟು, ನಮ್ಮ ಈ ಹುಚ್ಚು ಹರಿವಿಗೆ ಸಿಕ್ಕಿ ಎರಡು ದಿನ ಪತ್ತೆಯಿರಲಿಲ್ಲ. ಎರಡನೆಯ ಮಧ್ಯಾಹ್ನ ಅದು ನಮ್ಮ ಹಡಗಿನ ಪಕ್ಕದಲ್ಲೇ ಕಾಣಿಸಿತು. ಹಗ್ಗ ಎಸೆದವನು ನಾನು. ದೋಣಿಯಲ್ಲಿದ್ದವನ ಹೆಸರು ಬ್ರೂನೋ ಬರಿಲ್ಲಾ. ತುಟಿ ಒಡೆದು, ಕಣ್ಣು ಊದಿ, ಮಾತೇ ಹೊರಡದ ಸ್ಥಿತಿ. ಅವನನ್ನು ವಿಲ್ಲಾ ಧಕ್ಕೆಯಲ್ಲಿ ಇಳಿಸಿದಾಗ ಒಬ್ಬ ಹುಡುಗಿ ಓಡಿ ಬಂದಳು, ಅವನ ತಂಗಿ. ಹತ್ತೊಂಬತ್ತು ವರ್ಷ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಹೆಸರು ಕೊನ್ಸೊಲಾತಾ. ನಾನು ಎದೆಯುಬ್ಬಿಸಿ, 'ಹಗ್ಗ ಎಸೆದವನು ನಾನೇ' ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಎಸೆಯಿಸಿದವಳು ಮಾತೆ' ಎಂದಳು.

ಏಕೆಂದರೆ ಆ ಎರಡು ದಿನದಲ್ಲಿ ಅವಳು ದೇವಮಾತೆಗೆ ಹರಕೆ ಹೊತ್ತಿದ್ದಳು. ಅಣ್ಣ ಬದುಕಿ ಬಂದರೆ ಜನ್ಮದಲ್ಲಿ ಸಮುದ್ರದ ಮೇಲೆ ಕಾಲಿಡುವುದಿಲ್ಲ ಎಂದು. ಸಭಿಕರೇ, ನನ್ನ ಹಣೆಬರಹ ನೋಡಿ. ಅಣ್ಣನನ್ನು ಉಳಿಸಿ ತಂಗಿಯನ್ನು ಸಂಪಾದಿಸಿದೆ. ಆ ಅಣ್ಣ ಉಳಿದದ್ದರಿಂದಲೇ ತಂಗಿ ನನ್ನ ದಡಕ್ಕೆ ಬರುವ ಹಾಗಿಲ್ಲ!

ಹಾಗಾದರೆ ಅವಳು ಬರುವುದು ಹೇಗೆ? ಇಬ್ಬರೂ ಅವರೂರಿನ ಪಾದ್ರಿ ದೋನ್ ನಿಕೋದೆಮೊ ಅವರ ಹತ್ತಿರ ಹೋದೆವು. ಈಗ ಅವರಿಲ್ಲ. ಅವರು ಕತ್ತಿಮೀನಿನ ತುಂಡು ತಿನ್ನುತ್ತಲೇ ನಮ್ಮ ಕಷ್ಟವನ್ನೆಲ್ಲ ಕೇಳಿಸಿಕೊಂಡರು.

'ಫಾದರ್, ಹಡಗಲ್ಲಿ ಬಂದ್ರೆ ಹರಕೆ ಮುರಿಯುತ್ತಾ?' ಎಂದೆ.

'ಮುರಿಯುತ್ತೆ. ಹಡಗಿನ ಕಾಲು ನೀರಲ್ಲಿರುತ್ತೆ ಕಣಯ್ಯಾ.'

'ವಿಮಾನ?'

'ನಿನ್ನ ಸಂಬಳ ಎಷ್ಟು?'

'ಸೇತುವೆ ಆದ್ರೆ?' ಎಂದಳು ಕೊನ್ಸೊಲಾತಾ.

ಅವರು ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟರು. 'ಸೇತುವೆ ಮೇಲೆ ನಿನ್ನ ಕಾಲು ಕಬ್ಬಿಣದ ಮೇಲಿರುತ್ತೆ. ಕಬ್ಬಿಣದ ಕಾಲು ನೆಲದಲ್ಲಿದ್ರೆ ಹರಕೆಗೆ ಏನೂ ಆಗಲ್ಲ. ನೀರಲ್ಲಿದ್ರೆ ಮಾತ್ರ ನಾನು ಬಿಷಪ್ಪರನ್ನ ಕೇಳ್ಬೇಕು' ಎಂದರು.

ಅದಾಗಿ ಎರಡು ವರ್ಷಕ್ಕೆ, ಎಪ್ಪತ್ತೊಂದರಲ್ಲಿ, ರೋಮಿನವರು ಸೇತುವೆಗೆ ಕಾನೂನೇ ಮಾಡಿಬಿಟ್ಟರು. ರಸ್ತೆಯೂ ಇರುತ್ತದೆ, ರೈಲೂ ಇರುತ್ತದೆ. ನನಗೆ ಹೇಗಾಗಿರಬೇಡ? ಇಡೀ ಇಟಲಿ ದೇಶವೇ ನನ್ನ ಮದುವೆಗೆ ಚಪ್ಪರ ಹಾಕಲು ಹೊರಟ ಹಾಗಿತ್ತು. ಎಂಜಿನಿಯರುಗಳು ಆಳದ ಬಗ್ಗೆ, ಗಾಳಿಯ ಬಗ್ಗೆ, ಭೂಕಂಪದ ಬಗ್ಗೆ ವಾದ ಮಾಡಿದರು. ಒಬ್ಬರು ನಡುನೀರಿನಲ್ಲಿ ಕಂಬ ಊರಬೇಕೆಂದರು. ನನಗೆ ಆ ವಾರ ಊಟ ಸೇರಲಿಲ್ಲ. ಇನ್ನೊಬ್ಬರು ಸಮುದ್ರದ ಅಡಿಯಲ್ಲಿ ಸುರಂಗ ಕೊರೆಯೋಣ ಎಂದರು. 'ಮೇಲೆ ಹೋಗಲ್ಲ ಅಂದವಳು ಅಡೀಲಿ ಹೋಗ್ತೀನಾ?' ಎಂದಳು ಅವಳು. ಕೊನೆಗೆ ಒಂದೇ ಹಾಸಿನ ತೂಗುಸೇತುವೆ, ಕಂಬಗಳೆರಡೂ ದಡದ ಮೇಲೆಯೇ, ನೀರಿಗೆ ಏನೂ ತಾಗುವುದಿಲ್ಲ ಎಂಬ ನಕ್ಷೆ ಬಂತು. ಅದನ್ನು ಬರೆದ ಮಹಾನುಭಾವ ಯಾರೋ, ಅವನಿಗೆ ಕೊನ್ಸೊಲಾತಾಳ ಹರಕೆಯ ಸುದ್ದಿ ಯಾರು ಮುಟ್ಟಿಸಿದರೋ! ನಾನು ಅವನ ಹೆಸರಿನಲ್ಲಿ ಮೇಣದ ಬತ್ತಿ ಹಚ್ಚಿದೆ.

ಕೇಳಿಸಿತೇ?

ಐದೂವರೆಯ ಹಡಗು. ಎರಡು ಸಲ ಕೂಗಿತು. ಇನ್ನು ಹನ್ನೆರಡು ನಿಮಿಷ.

ಎಲ್ಲಿದ್ದೆ? ಹೌದು, ಸೇತುವೆ. ಆಮೇಲೆ ನಮ್ಮ ದಡದ ಫಾರೊ ತುದಿಗೆ ಮಣ್ಣು ಪರೀಕ್ಷೆಯವರು ಬಂದರು. ನೆಲ ಕೊರೆದು, ಉದ್ದದ ಕೊಳವೆಗಳಲ್ಲಿ ಒಳಗಿನ ಕಲ್ಲನ್ನು ಹೊರತೆಗೆದು ಮರದ ಪೆಟ್ಟಿಗೆಗಳಲ್ಲಿ ಜೋಡಿಸುತ್ತಿದ್ದರು. ಒಂದು ಭಾನುವಾರ ನಾನು ಅವರಿಗೆ ಪೆಟ್ಟಿಗೆ ಹೊತ್ತು ಕೊಟ್ಟೆ. ಅವರು ಬೇಡವೆಂದು ಬಿಸಾಡಿದ ದುಂಡನೆಯ ಒಂದು ಕಲ್ಲಿನ ತುಂಡನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿ ಅವಳ ಕೈಗಿಟ್ಟೆ. 'ನಮ್ಮ ಸೇತುವೆಯ ಮೊದಲ ಕಲ್ಲು' ಎಂದೆ. ಅವಳು ಅದನ್ನು ತೊಳೆದು, ಬದನೆಕಾಯಿ ಉಪ್ಪಿನಕಾಯಿಯ ಭರಣಿಯೊಳಗೆ ಭಾರಕ್ಕೆ ಇಟ್ಟಳು. ಇವತ್ತಿಗೂ ಅಲ್ಲೇ ಇದೆ. ಸರ್ಕಾರ ಆ ಸೇತುವೆಯ ಕೆಲಸ ಎಲ್ಲಿಯವರೆಗೆ ತಂದಿದೆಯೆಂದು ಯಾರಾದರೂ ಕೇಳಿದರೆ, ಒಂದು ಭರಣಿ ಬದನೆಕಾಯಿ ಚೆನ್ನಾಗಿ ಮಾಗುವವರೆಗೆ ಎಂದು ನಾನು ಹೇಳಬಲ್ಲೆ.

ಈಗ ಒಂದು ತಪ್ಪೊಪ್ಪಿಗೆ ಇದೆ. ನಾನು ಹದಿನಾಲ್ಕು ವರ್ಷ ನಿಮ್ಮ ಸಂಘದ ಕಾರ್ಯದರ್ಶಿ. ಸೇತುವೆಯಾದರೆ ಹಡಗು ನಿಲ್ಲುತ್ತದೆ, ಹಡಗು ನಿಂತರೆ ಈ ಸಭಾಂಗಣದಲ್ಲಿರುವ ಪ್ರತಿಯೊಬ್ಬನ ಒಲೆಯೂ ಆರುತ್ತದೆ. 'ಸೇತುವೆ ಬೇಡ, ಹಡಗು ಬೇಕು' ಎಂದು ಬರೆದ ಬಟ್ಟೆಯ ಒಂದು ತುದಿ ಹಿಡಿದು ಮೆರವಣಿಗೆಯ ಮುಂದೆ ನಡೆದವನು ನಾನು. ಇನ್ನೊಂದು ತುದಿ ಟಿಂಡಾರೊ ಹಿಡಿದಿದ್ದ. ಅಂದು ಗಂಟಲು ಹರಿಯುವ ಹಾಗೆ ಕೂಗಿದೆ. ಒಳಗೊಳಗೇ, ಮಾತೆಯೇ, ನಮ್ಮ ಕೂಗು ರೋಮಿಗೆ ಕೇಳಿಸದಿರಲಿ ಎಂದು ಬೇಡಿಕೊಂಡೆ! ಕ್ಷಮಿಸಿ ಗೆಳೆಯರೇ. ಮರುದಿನ ಪತ್ರಿಕೆಯಲ್ಲಿ ನನ್ನ ಚಿತ್ರ ಬಂತು. ಮಂಗಳವಾರ ಹೋದರೆ ಅವಳು ಆ ಪತ್ರಿಕೆಯಲ್ಲಿ ಮೀನು ಸುತ್ತಿಟ್ಟಿದ್ದಳು.

'ಏನಪ್ಪಾ ಸೇತುವೆ ಸಾಹುಕಾರ, ನನ್ನ ಮದುವೆಗೆ ನೀನೇ ತಕರಾರು ತೆಗೀತಿದೀಯಂತೆ?' ಎಂದಳು.

'ಅದು ಸಂಘದ ಕೆಲಸ ಕಣೇ.'

'ಹಾಗಾದ್ರೆ ಸಂಘಾನೇ ಕಟ್ಕೋ. ಅಡುಗೆ ಮಾಡಿ ಬಡಿಸುತ್ತೆ.'

ಆದರೆ ಸಭಿಕರೇ, ಆ ಸೇತುವೆಯನ್ನು ನಾನು ನೋಡಿದ್ದೇನೆ. ನಿಮ್ಮಲ್ಲಿ ಯಾರೂ ನೋಡದಷ್ಟು ಸ್ಪಷ್ಟವಾಗಿ ನೋಡಿದ್ದೇನೆ. ಮಧ್ಯಾಹ್ನದ ಪಾಳಿಯಲ್ಲಿ, ಬೋಗಿಗಳಿಗೆ ಸರಪಳಿ ಬಿಗಿದ ಮೇಲೆ, ಹಡಗಿನ ಮೇಲಟ್ಟದ ಬೆಂಚಿನ ಮೇಲೆ ಕುಳಿತು ಚಿಮಣಿಯ ಬಿಸಿಗೆ ಬೆನ್ನು ಕೊಟ್ಟರೆ ಕಣ್ಣು ತಾನಾಗಿ ಮುಚ್ಚುತ್ತದೆ. ಆಗ ಆಚೆಯ ಗುಡ್ಡದಿಂದ ಒಂದು ನೂಲು ಹೊರಡುತ್ತದೆ. ಅದು ಈಚೆಯ ಗುಡ್ಡಕ್ಕೆ ಬಂದು ತಾಗುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ನೂಲುಗಳು ಹಗ್ಗವಾಗುತ್ತವೆ, ಹಗ್ಗದಿಂದ ರಸ್ತೆ ಇಳಿಬೀಳುತ್ತದೆ, ನಡುವೆ ಹಳಿ ಮೂಡುತ್ತದೆ. ಸದ್ದಿಲ್ಲ. ಒಬ್ಬ ಕೂಲಿಯೂ ಇಲ್ಲ. ಆಮೇಲೆ ಒಂದು ರೈಲು ಬರುತ್ತದೆ. ಅದನ್ನು ಯಾರೂ ತುಂಡು ಮಾಡುವುದಿಲ್ಲ. ಇಡೀ ರೈಲು, ಹೇಗೆ ಹೊರಟಿತೋ ಹಾಗೆಯೇ, ಆಕಾಶದಲ್ಲಿ ಮೆಲ್ಲಗೆ ಬರುತ್ತದೆ. ಮೂರನೆಯ ಬೋಗಿಯ ಕಿಟಕಿ ತೆರೆದಿರುತ್ತದೆ. ಅವಳು ತಾನೇ ಹೊಲಿದ ಬಿಳಿಯ ಉಡುಪು ಹಾಕಿಕೊಂಡು ಕುಳಿತಿರುತ್ತಾಳೆ. ತೊಡೆಯ ಮೇಲೆ ಉಪ್ಪಿನಕಾಯಿ ಭರಣಿ ಇರುತ್ತದೆ. ನಾನು ಕೆಳಗೆ ಹಡಗಿನಲ್ಲಿ ನಿಂತು ಕೈ ಬೀಸುತ್ತೇನೆ. ಅವಳು ಕೆಳಗೆ ನೋಡುವುದೇ ಇಲ್ಲ, ಸಮುದ್ರವೆಂದರೆ ಅಷ್ಟು ಭಯ. ಅಷ್ಟರಲ್ಲಿ ಟಿಂಡಾರೊ ನನ್ನ ಭುಜ ಅಲುಗಿಸಿ, 'ಏಳೋ, ದಡ ಬಂತು' ಎನ್ನುತ್ತಾನೆ. ನಲವತ್ತು ವರ್ಷ ನನ್ನ ಮದುವೆಯನ್ನು ನಡುವಿನಲ್ಲೇ ನಿಲ್ಲಿಸಿದವನು ಇವನು.

ಯಾರೋ ಬಂದರು. ದಯವಿಟ್ಟು ದಾರಿ ಬಿಡಿ. ಓ, ಪಿನ್ಯೊಲಾತ ತಂದವರು. ಇರಲಿ, ಸಿಹಿಯೂ ಬರಬೇಕಾದದ್ದೇ. ಆ ಮೇಜಿನ ಮೇಲಿಡಿ. ಬಾಗಿಲು ಹಾಕಬೇಡಿ.

ಕಳೆದ ಭಾನುವಾರ ನಾನು ಅವಳನ್ನು ಬೇಡಿಕೊಂಡೆ. 'ಮುಂದಿನ ವಾರ ನನ್ನ ಬೀಳ್ಕೊಡುಗೆ. ಎಲ್ಲರ ಪಕ್ಕದಲ್ಲೂ ಅವರವರ ಹೆಂಡತಿ ಕೂತಿರ್ತಾರೆ. ಈ ಒಂದು ಸಲ ಬಾ. ಐದೂವರೆ ಹಡಗು. ಅರ್ಧ ಗಂಟೆ ಕಣ್ಣು ಮುಚ್ಕೊಂಡಿರು. ಮಾತೆ ಕ್ಷಮಿಸ್ತಾಳೆ' ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಈಗೀಗ ಅದು ಒಂದೇ ಸಲಕ್ಕೆ ಆಗುವುದಿಲ್ಲ. ಪೋಣಿಸಿ ಮುಗಿಸಿ ಹೇಳಿದಳು. 'ನಾನು ಮಾತೆಗೆ ಕೊಟ್ಟ ಮಾತು ಬಿಡ್ಬೇಕು. ಸರಿ. ನೀನು ಏನು ಬಿಡ್ತೀಯಾ?'

ನಾನು ನಕ್ಕುಬಿಟ್ಟೆ. 'ನಾನು ಕೆಲಸಾನೇ ಬಿಡ್ತಿದೀನಲ್ಲ!' ಎಂದೆ. ಒಳ್ಳೆಯ ತಮಾಷೆ ಎಂದುಕೊಂಡಿದ್ದೆ. ಇಲ್ಲಿಯೂ ಹೇಳಿ ನಿಮ್ಮನ್ನು ನಗಿಸೋಣ ಎಂದುಕೊಂಡು ಚೀಟಿಯಲ್ಲಿ ಬರೆದುಕೊಂಡು ಬಂದೆ. ನೋಡಿ, ಇಲ್ಲಿದೆ. ನೀವೂ ನಗಲಿಲ್ಲ.

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಕೇಳುತ್ತಿದ್ದೀರಿ, ನನಗೆ ಗೊತ್ತು. ಅವಳಿಗೆ ಹರಕೆ, ಸರಿ. ನಿನಗೇನಾಗಿತ್ತು ಲೆತ್ತೇರಿಯೊ? ದಿನಕ್ಕೆ ನಾಲ್ಕು ಸಲ ಆಚೆ ಹೋಗುತ್ತಿದ್ದೆಯಲ್ಲ. ಒಂದು ದಿನ ಅಲ್ಲೇ ಉಳಿದಿದ್ದರೆ? ಇದಕ್ಕೆ ನನ್ನ ಬಳಿ ಯಾವತ್ತೂ ಒಂದು ಉತ್ತರ ಸಿದ್ಧವಿರುತ್ತಿತ್ತು. ಅಮ್ಮ. ನಾನು ಒಬ್ಬನೇ ಮಗ. ಅಮ್ಮ ಹುಟ್ಟಿದ್ದು ಭೂಕಂಪದ ನಂತರ ಕಟ್ಟಿದ ಮರದ ಶೆಡ್ಡಿನಲ್ಲಿ. 'ನೆಲ ಬಾಯಿ ಬಿಟ್ಟಾಗ್ಲೂ ನಮ್ಮೋರು ಈ ಊರು ಬಿಡ್ಲಿಲ್ಲ. ನೀನು ಒಂದು ಹುಡುಗಿಗೋಸ್ಕರ ಬಿಡ್ತೀಯಾ? ಮನೆಅಳಿಯ ಆಗ್ಲಿ ಅಂತ ನಿನ್ನ ಹೆತ್ತೆನೇನೋ?' ಎನ್ನುತ್ತಿದ್ದಳು. ಮನೆಅಳಿಯ! ಆ ಮಾತು ಕೇಳಿದರೆ ನನ್ನ ಮೀಸೆ ನಿಂತಲ್ಲೇ ಉರಿಯುತ್ತಿತ್ತು. ಬೇಕಾದರೆ ಹುಡುಗಿ ನಮ್ಮ ದಡಕ್ಕೆ ಬರಲಿ. ಸೇತುವೆ ಆಗುತ್ತದಲ್ಲ, ಇನ್ನೇನು ಆಗೇ ಆಗುತ್ತದೆ. ಹೀಗೆ ಹೇಳಿಕೊಂಡೆ.

ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು.

ನಲವತ್ತನೆಯ ದಿನದ ಪೂಜೆ ಮುಗಿಸಿ ನಾನು ಆಚೆಗೆ ಹೋದೆ. ಊಟವಾಯಿತು. ಕೊನ್ಸೊಲಾತಾ ನನ್ನನ್ನು ಒಳಗಿನ ಕೋಣೆಗೆ ಕರೆದು ಬೀರುವಿನ ಬಾಗಿಲು ತೆಗೆದಳು. ಎಡಗಡೆ ಅವಳ ಬಟ್ಟೆಗಳು ಒತ್ತೊತ್ತಾಗಿ ತೂಗುತ್ತಿದ್ದವು. ಬಲಗಡೆ ಏನೂ ಇರಲಿಲ್ಲ. ಹಲಗೆಯ ಮೇಲೆ ಹೊಸ ಕಾಗದ ಹಾಸಿದ್ದಳು. 'ಅರ್ಧ ಖಾಲಿ ಮಾಡಿದೀನಿ' ಎಂದಳು. ಅಷ್ಟೇ. ಅದಕ್ಕೆ ನಾನೇನು ಹೇಳಿದೆ ಗೊತ್ತೇ? ನಲವತ್ತೊಂಬತ್ತು ವರ್ಷದ ಗಂಡಸು, ಹೊಟ್ಟೆ ತುಂಬ ಉಂಡು ನಿಂತವನು, 'ಇರು, ಹೊಸ ಸರ್ಕಾರ ಬಂದಿದೆ, ಸೇತುವೆ ಖಂಡಿತ ಆಗುತ್ತೆ' ಎಂದೆ. ಅವಳು ಬೀರುವಿನ ಬಾಗಿಲು ಮುಚ್ಚಿ ಕಾಫಿ ಇಡಲು ಹೋದಳು.

ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ.

ಕಪ್ತಾನರೇ, ಗಂಟೆ ಎಷ್ಟು? ಐದೂ ಐವತ್ತೈದು. ಹಡಗು ಬಂದು ಇಪ್ಪತ್ತೈದು ನಿಮಿಷ. ಮೊಣಕಾಲು ಎಷ್ಟೇ ನೋಯಲಿ, ಇಪ್ಪತ್ತೈದು ನಿಮಿಷ ಬೇಡ. ಅವಳು ಬರಲಿಲ್ಲ.

ಬೇಡ, ಯಾರೂ ಪಾಪ ಎನ್ನಬೇಡಿ. ಒಂದು ಕ್ಷಣ ನನಗೂ ಸಿಟ್ಟು ಬಂತು, ನಿಜ. ಈಗ ಇಲ್ಲ. ಅವಳು ಒಂದು ಮಾತು ಕೊಟ್ಟಿದ್ದಳು, ಅಣ್ಣ ಬಂದ, ಮಾತು ಉಳಿಸಿಕೊಂಡಳು. ನಾನು ಉಳಿಸಿಕೊಂಡದ್ದು ಏನನ್ನು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಸೇತುವೆ ಇಲ್ಲ ಎಂದೆ. ತಾಳಿದವನು ಬಾಳಿಯಾನು ಎನ್ನುತ್ತಾರೆ. ನಾನು ತಾಳಿದೆ, ತಾಳಿದೆ, ಬಾಳುವುದನ್ನೇ ಮರೆತೆ. ರೋಮಿನವರು ಸೇತುವೆ ಕಟ್ಟಲಿಲ್ಲವೆಂದು ಈ ಊರೆಲ್ಲ ಬೈಯುತ್ತದೆ. ನಾನು ಅವರಿಗೆ ಕೈ ಮುಗಿಯಬೇಕು. ಅವರು ಕಟ್ಟದೇ ಇದ್ದದ್ದರಿಂದ ನನಗೆ ಮೂವತ್ತೊಂಬತ್ತು ವರ್ಷ ಒಂದು ನೆಪ ಸಿಕ್ಕಿತು. ಕಟ್ಟಿದ್ದರೆ ಎಪ್ಪತ್ತೆಂಟರಲ್ಲೋ ಎಂಬತ್ತರಲ್ಲೋ ನನ್ನ ಹೇಡಿತನ ಬಯಲಾಗುತ್ತಿತ್ತು.

ಇಂಥದೇ ಜೂನ್ ತಿಂಗಳ ಬೆಳಗಿನಲ್ಲಿ, ಗಾಳಿ ನಿಂತು ನೀರು ಎಣ್ಣೆಯ ಹಾಗೆ ಮಲಗಿದಾಗ, ಆಚೆ ದಡದವರಿಗೆ ನಮ್ಮ ಮೆಸ್ಸೀನಾ ಕಾಣುವ ರೀತಿ ನೀವು ಕೇಳಿದ್ದೀರಿ. ಊರು ನೀರಿನಿಂದ ಮೇಲೆ ಎದ್ದುಬಿಡುತ್ತದೆ. ಮನೆಗಳು, ಗಂಟೆ ಗೋಪುರ, ಬಂದರಿನ ಕಂಬ, ಎಲ್ಲವೂ ಗಾಳಿಯಲ್ಲಿ ತೇಲಿ ಅವರ ಹೊಸಿಲಿಗೇ ಬಂದು ನಿಲ್ಲುತ್ತವೆ, ಕೈ ಚಾಚಿದರೆ ಕಿಟಕಿಯ ಪರದೆ ಸರಿಸಬಹುದು ಎನ್ನುವ ಹಾಗೆ. ನಾನು ಇಲ್ಲಿಯವನು, ಊರೊಳಗೇ ಇರುವವನಿಗೆ ಅದು ಕಾಣುವುದಿಲ್ಲ. ಅವಳು ಎಷ್ಟೋ ಸಲ ನೋಡಿದ್ದಾಳೆ. ಒಂದು ಮಂಗಳವಾರ ನಾನು ಬಾಗಿಲಿಗೆ ಹೋದಾಗ ಪೊರಕೆ ಹಿಡಿದು ನಿಂತಿದ್ದಳು. ನಗುತ್ತಲೇ ಹೇಳಿದಳು. 'ಇವತ್ತು ಬೆಳಿಗ್ಗೆ ನಿನ್ನ ಊರಿಗೆ ಊರೇ ಎದ್ದು ನನ್ನ ಬಾಗಿಲಿಗೆ ಬಂದಿತ್ತು ಕಣೋ. ನಿಮ್ಮ ಮನೆಯ ಮಹಡೀನೂ ಬಂದಿತ್ತು. ನೀನೊಬ್ಬ ಬರ್ಲಿಲ್ಲ.'

ನಾನು ಅದನ್ನೂ ತಮಾಷೆ ಎಂದುಕೊಂಡೆ.

ಸಭಿಕರೇ, ಗೆಳೆಯರೆಲ್ಲ ಸೇರಿ ನನಗೆ ಕೊಟ್ಟ ಈ ಚರ್ಮದ ಪೆಟ್ಟಿಗೆಯನ್ನು ನೋಡಿ. ಸಭೆಯ ಮೊದಲಿಗೆ ಇದನ್ನು ಕೊಟ್ಟಾಗ ನಾನು ಮನಸ್ಸಿನಲ್ಲಿ ನಗಾಡಿದೆ. ಒಂದು ರಾತ್ರಿಯೂ ಈ ಊರಿನ ಹೊರಗೆ ಮಲಗದವನಿಗೆ ಪೆಟ್ಟಿಗೆ ಏಕೆ, ಟಿಂಡಾರೊನದೇ ಆಲೋಚನೆ ಇರಬೇಕು ಎಂದುಕೊಂಡೆ. ನಿನ್ನದೇ ಅಲ್ಲವೇ? ತಲೆ ತಗ್ಗಿಸಬೇಡ. ನಲವತ್ತು ವರ್ಷ ನನ್ನನ್ನು ಕನಸಿನಿಂದ ಎಬ್ಬಿಸುತ್ತ ಬಂದವನು ನೀನು. ಇಂದೂ ನೀನೇ ಎಬ್ಬಿಸಿದೆ.

ಕಪ್ತಾನರೇ, ಆರೂಕಾಲಿಗೆ ಹಡಗು ಹೊರಡುತ್ತದೆ. ಈ ಸಭೆಯ ಅರ್ಧ ಜನ ಆ ಹಡಗಿನವರೇ ಆದ್ದರಿಂದ ನನ್ನನ್ನು ಬಿಟ್ಟು ಹೋಗುವುದಿಲ್ಲವೆಂದು ನಂಬಿದ್ದೇನೆ. ನನ್ನ ಪಾಸನ್ನು ಬೆಳಿಗ್ಗೆ ಕಚೇರಿಗೆ ಒಪ್ಪಿಸಿದೆ, ಹಾಗಾಗಿ ಜೀವನದಲ್ಲಿ ಮೊದಲ ಸಲ ಟಿಕೆಟ್ ತೆಗೆಸುತ್ತೇನೆ. ಹೋಗುವುದಕ್ಕೆ ಮಾತ್ರ. ಪೆಟ್ಟಿಗೆಯಲ್ಲಿ ಏನೂ ಇಲ್ಲ, ಬಟ್ಟೆ ತುಂಬಿಕೊಳ್ಳಲು ಮನೆಗೆ ಹೋದರೆ ಮತ್ತೆ ಏನಾದರೊಂದು ನೆಪ ಸಿಗುತ್ತದೆ. ಹೀಗೇ ತೆಗೆದುಕೊಂಡು ಹೋಗುತ್ತೇನೆ. ಆ ಪಿನ್ಯೊಲಾತವನ್ನು ನಾಲ್ಕು ತುಂಡು ಕಾಗದದಲ್ಲಿ ಕಟ್ಟಿಕೊಡಿ, ಕಪ್ಪು ಲೇಪದ್ದು, ಅವಳಿಗೆ ಬಿಳಿಯದು ಸೇರುವುದಿಲ್ಲ.

ಅವಳು ಬಾಗಿಲು ತೆಗೆಯುತ್ತಾಳೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಹನ್ನೊಂದು ವರ್ಷದಲ್ಲಿ ಆ ಅರ್ಧ ಬೀರುವಿಗೆ ಚಳಿಗಾಲದ ಕಂಬಳಿಗಳು ಬಂದು ಸೇರಿಕೊಂಡಿರಲೂಬಹುದು. ಹಾಗಿದ್ದರೆ ಪೆಟ್ಟಿಗೆಯನ್ನು ಹೊರಗಿನ ಜಗಲಿಯ ಮೇಲಿಟ್ಟು, ಅದರ ಮೇಲೆಯೇ ಕುಳಿತು ಕಾಯುತ್ತೇನೆ. ಕಾಯುವುದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಈ ಸಲ ಅವಳ ದಡದಲ್ಲಿ ಕಾಯುತ್ತೇನೆ.

ಟಿಂಡಾರೊ, ಆ ಖುರ್ಚಿಯ ಮೇಲಿನ ಟೋಪಿ ಕೊಡು. ಇನ್ನು ನೀನು ಕುಳಿತುಕೊಳ್ಳಬಹುದು.

ಬಾಗಿಲು ತೆರೆದಿಟ್ಟ ನಿಮಗೆಲ್ಲ ನಾನು ಋಣಿ. ತೆರೆದದ್ದು ಅವಳು ಬರಲಿ ಎಂದು, ಹೊರಟಿರುವವನು ನಾನು. ಈಚೆ ದಡಕ್ಕೂ, ಆಚೆ ದಡಕ್ಕೂ, ನಡುವಿನ ನೀರಿಗೂ, ಎಲ್ಲರಿಗೂ ನಮಸ್ಕಾರ.